ಅನುಬಂಧ ಮೂರು

ಸುವಾರ್ತಾ ಕರ್ಜಗಿಯ ಸಿದ್ಧಾಂತಕ್ಕೆ ಒಬ್ಬ ವಿರೋಧಿಯೂ ಇರಲಿಲ್ಲ.

ಅದೇ ಅದಕ್ಕೆ ಹಿಡಿದ ರೋಗ. ವಿದ್ವಾಂಸರ ನಡುವೆ ಬೈಸಿಕೊಂಡ ವಿಚಾರ ಬದುಕುತ್ತದೆ. ಎಲ್ಲರೂ ತಲೆಯಾಡಿಸಿ ಬಿಟ್ಟ ವಿಚಾರ ಸದ್ದಿಲ್ಲದೆ ಸಾಯುತ್ತದೆ. ಅವಳು ಪ್ರಬಂಧ ಓದಿದ ಕಡೆಯಲ್ಲೆಲ್ಲ ಜನ "ಚಲೋ ಐತಿ, ಮುಂದುವರಿಸ್ರಿ" ಎಂದು ಹೇಳಿ ಊಟಕ್ಕೆ ಎದ್ದರು. ಊಟದ ಸಾಲಿನಲ್ಲಿ ಕೂಡ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಅವಳು ಹೇಳುತ್ತಿದ್ದುದು ಇಷ್ಟು. ಅರ್ಥಶಾಸ್ತ್ರ ಬೆಲೆಯನ್ನು ಅಳೆಯುತ್ತದೆ, ಕಾಯುವಿಕೆಯನ್ನು ಅಳೆಯುವುದಿಲ್ಲ. ಪಡಿತರ ಅಂಗಡಿ, ನೀರಿನ ಟ್ಯಾಂಕರ್, ತಾಲೂಕು ಕಚೇರಿ, ಆಸ್ಪತ್ರೆ, ಹೀಗೆ ಬಡವನ ದಿನದ ದೊಡ್ಡ ತುಂಡು ನಿಂತಲ್ಲೇ ಕರಗಿಹೋಗುತ್ತದೆ. ಆದರೆ ಕಾಯುವಿಕೆ ಮಳೆಯ ಹಾಗೆ ತಾನಾಗಿ ಬೀಳುವುದಲ್ಲ. ಪ್ರತಿ ಸಾಲಿನ ಇನ್ನೊಂದು ತುದಿಯಲ್ಲಿ ಕಾಯಿಸುವವನೊಬ್ಬ ಇದ್ದಾನೆ, ಕಾಯಿಸುವುದರಿಂದ ಅವನಿಗೆ ಏನೋ ಉಳಿಯುತ್ತದೆ. ಆ ಉಳಿತಾಯವನ್ನು ಅವನ ತಲೆಯ ಮೇಲೆ ಹೊರಿಸಬೇಕು.

ಇದು ಅವಳಿಗೆ ಪುಸ್ತಕದಿಂದ ಬಂದದ್ದಲ್ಲ. ಅಪ್ಪ ಯಾಕೋಬಪ್ಪ ರೈಲ್ವೆ ಗೇಟ್‌ಮನ್. ಗದಗಿನ ಕಡೆ ಹೋಗುವ ದಾರಿಯ ಒಂದು ಲೆವೆಲ್ ಕ್ರಾಸಿಂಗಿನ ಪಕ್ಕ, ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿ ಅವಳು ಬೆಳೆದಳು. ಗೇಟು ಬಿದ್ದರೆ ಚಕ್ಕಡಿಗೂ ಲಾರಿಗೂ ಸಾಹೇಬರ ಕಾರಿಗೂ ಒಂದೇ ನ್ಯಾಯ. ಒಂದು ಸಲ ಮಾತ್ರ ಮಂತ್ರಿಯೊಬ್ಬರ ಕಾರುಗಳು ಬರುತ್ತಿವೆ ಎಂದು ಮೇಲಿನಿಂದ ಫೋನು ಬಂತು. ಪ್ಯಾಸೆಂಜರ್ ಗಾಡಿಯನ್ನೇ ಹೊರ ಸಿಗ್ನಲಿನಲ್ಲಿ ನಿಲ್ಲಿಸಿದರು. ಅದರ ತುಂಬ ಪರೀಕ್ಷೆಗೆ ಹೊರಟ ಕಾಲೇಜು ಹುಡುಗರಿದ್ದರು. "ಒಬ್ಬಾವ ಲಗೂ ಹೋಗಾಕ ಎಷ್ಟ ಮಂದಿದು ವರ್ಷ ಹಾಳಾತು ನೋಡು" ಎಂದು ಅಪ್ಪ ಅವತ್ತು ಊಟಕ್ಕೆ ಕೂತಾಗ ನಕ್ಕಿದ್ದ. ಹತ್ತು ವರ್ಷದ ಹುಡುಗಿ ನಕ್ಕಿರಲಿಲ್ಲ.

ಧಾರವಾಡದ ಹೊರಗೆ ಗುಡ್ಡದ ಮೇಲಿನ ಅರ್ಥಚಿಂತನ ಸಂಸ್ಥೆಯಲ್ಲಿ ಅವಳು ಸಂಶೋಧನಾ ವಿದ್ಯಾರ್ಥಿ. ಆ ಸಂಸ್ಥೆ ಹೆಸರಾದದ್ದು ಅದರ ನೆಲಮಾಳಿಗೆಯಲ್ಲಿದ್ದ ಯಂತ್ರದಿಂದ. ಅದನ್ನು ಪರಿಷತ್ತು ಎಂದು ಕರೆಯುತ್ತಿದ್ದರು. ಅದರೊಳಗೆ ಜಗತ್ತಿನ ಆರುನೂರು ಅರ್ಥಶಾಸ್ತ್ರಜ್ಞರ ನೆರಳುಗಳಿದ್ದವು. ಒಬ್ಬೊಬ್ಬರೂ ಬರೆದ ಪುಸ್ತಕ, ಬೇರೆಯವರ ಪ್ರಬಂಧದ ಮೇಲೆ ಕೊಟ್ಟ ತೀರ್ಪು, ಸಂಕಿರಣಗಳಲ್ಲಿ ಎದ್ದು ನಿಂತು ಆಡಿದ ಮಾತು, ಯಾರು ಯಾರ ಶಿಷ್ಯ, ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ ಎಲ್ಲವನ್ನೂ ಉಣಿಸಿ ಬೆಳೆಸಿದ ನೆರಳುಗಳು. ಹೊಸ ಸಿದ್ಧಾಂತವೊಂದನ್ನು ಒಳಗೆ ಹಾಕಿದರೆ ಅವು ಓದುತ್ತಿದ್ದವು, ಜಗಳವಾಡುತ್ತಿದ್ದವು, ಪಾಠ ಹೇಳಿ ಶಿಷ್ಯರನ್ನು ತಯಾರಿಸುತ್ತಿದ್ದವು, ಮುದಿಯಾಗಿ ಸಾಯುತ್ತಿದ್ದವು. ಮೂವತ್ತು ವರ್ಷ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಕೊನೆಗೆ ನೂರಕ್ಕೆ ಎಷ್ಟು ಜನ ಒಪ್ಪಿದರು ಎಂಬ ಅಂಕೆ ಪರದೆಯ ಮೇಲೆ ಬರುತ್ತಿತ್ತು.

ಈ ಅಂಕೆ ಇಲ್ಲದ ಹಸ್ತಪ್ರತಿಯನ್ನು ಯಾವ ವಿದ್ವತ್ ಪತ್ರಿಕೆಯೂ ಮುಟ್ಟುತ್ತಿರಲಿಲ್ಲ. ಐವತ್ತು ದಾಟದ ವಿಚಾರ ಅಚ್ಚಾಗುತ್ತಿರಲಿಲ್ಲ, ಅಚ್ಚಾಗದ ವಿಚಾರವನ್ನು ಯಾರೂ ಒಪ್ಪುತ್ತಿರಲಿಲ್ಲ. ಹಾಗಾಗಿ ಪರಿಷತ್ತಿನ ಮಾತು ಎಂದೂ ಸುಳ್ಳಾಗಿರಲಿಲ್ಲ.

ಯಂತ್ರ ನೋಡಿಕೊಳ್ಳುತ್ತಿದ್ದವನು ಮೆಹಬೂಬ್, ಹಾವೇರಿಯವನು. ಆರುನೂರು ನೆರಳುಗಳ ಜೊತೆಗೂ ಅವನಿಗೆ ಒಂಥರಾ ಸಲಿಗೆ.

"ಥೇಟ್ ಮನಷ್ಯಾರ ಹಂಗ ಅದಾವಕ್ಕಾ ಇವು" ಎಂದು ಮೊದಲ ದಿನವೇ ಹೇಳಿದ್ದ. "ಊಟ ಆದಮ್ಯಾಲಿನ ಗೋಷ್ಠಿಗೆ ಇಟ್ರ ನಾಕು ಅಂಕ ಜಾಸ್ತಿ ಬರ್ತಾವು. ನಿದ್ದಿಗಣ್ಣಾಗ ಯಾರೂ ವಿರೋಧ ಮಾಡಂಗಿಲ್ಲ."

"ಅನುಬಂಧ ಓದ್ತಾವೇನು?"

"ಅನುಬಂಧ? ಖರೇ ಮಂದೀನ ಓದಂಗಿಲ್ಲ, ನೆಳ್ಳು ಯಾಕ ಓದ್ತಾವು?"

ಇಬ್ಬರೂ ನಕ್ಕಿದ್ದರು.

ಅವಳ ಸಿದ್ಧಾಂತಕ್ಕೆ ಬಂದ ಅಂಕೆ ಆರು. ಬಹುಪಾಲು ನೆರಳುಗಳು ಅದನ್ನು ಓದಿಯೂ ಇರಲಿಲ್ಲ. ಮಾರ್ಗದರ್ಶಕರಾದ ಪ್ರೊಫೆಸರ್ ಅಚ್ಯುತ ಗಲಗಲಿ ಪರದೆ ನೋಡಿ ಕನ್ನಡಕ ಒರೆಸಿಕೊಂಡರು. ಅವರು ಕೆಟ್ಟ ಮೇಷ್ಟರಲ್ಲ. ವಿದ್ಯಾರ್ಥಿಗಳ ಕರಡನ್ನು ಅಲ್ಪವಿರಾಮ ಬಿಡದೆ ಓದುವವರು. ಅವಳ ತಾಯಿ ತೀರಿಕೊಂಡಾಗ ಮಣ್ಣಿಗೆ ಬಂದು ನಿಂತವರು.

"ಸಿದ್ಧಾಂತ ಖರೇನೋ ಸುಳ್ಳೋ ಅನ್ನೋದು ಕಡೀಕ ಬರೋ ಪ್ರಶ್ನೆ, ಸುವಾರ್ತಾ" ಎಂದರು. "ಮೊದಲನೇ ಪ್ರಶ್ನೆ, ಇದರಿಂದ ಎಷ್ಟು ಹುಡುಗರಿಗೆ ಪಿಎಚ್.ಡಿ. ಆಗ್ತದ? ನೂರು ಮಂದಿಗೆ ಕೆಲಸ ಕೊಟ್ರ ಅದು ಪಂಥ. ಇಲ್ಲಂದ್ರ ಭಾಷಣ."

"ಕೆಲಸ ಐತಲ್ರೀ ಸರ್. ಒಂದೊಂದು ಕಚೇರಿಗೂ ಹೋಗಿ, ಯಾರು ಯಾರನ್ನ ಕಾಯಿಸ್ಯಾರ ಅಂತ…"

"ಯಾವ ಕಚೇರಿ ಬಾಗಲಾ ತೆಗೀತದ? ನಾ ಇಷ್ಟು ಮಂದೀನ ಕಾಯಿಸೇನಿ ಅಂತ ಯಾವ ಸಾಹೇಬ ಹೇಳ್ತಾನ? ಕಾಯೋರ ಕಥಿ ಹಂಗಲ್ಲ ನೋಡು. ಎಲ್ಲಾ ಸಾಲಿನ ಮ್ಯಾಲೂ ಕ್ಯಾಮೆರಾ ಅದ. ಮಾಹಿತಿ ಪುಕ್ಕಟೆ ಸಿಗ್ತದ."

ಅಲ್ಲಿಂದ ತಿದ್ದುಪಡಿ ಶುರುವಾಯಿತು. ಒಂದೊಂದೂ ಸಣ್ಣದು, ಒಂದೊಂದಕ್ಕೂ ಕಾರಣವಿತ್ತು. ಸಾಲಿನಲ್ಲಿ ನಿಂತವರ ಸಂಕಟವನ್ನು ಅಳೆಯುವ ವಿಧಾನ ಬೇಕು ಎಂದು ನೆರಳುಗಳು ಕೇಳಿದವು. ಕಾಲು ಬದಲಿಸುವುದು, ಗಡಿಯಾರ ನೋಡುವುದು, ಕೌಂಟರಿಗೆ ಹೋಗಿ ದನಿ ಎತ್ತುವುದು, ಇವನ್ನೆಲ್ಲ ಕ್ಯಾಮೆರಾದಿಂದ ಲೆಕ್ಕ ಹಾಕಿ ಅವಳು ಒಂದು ಅಳತೆ ಕಟ್ಟಿದಳು. ಅದಕ್ಕೆ ತಾಳ್ಮೆ ಅಂಕ ಎಂದು ಹೆಸರಿಟ್ಟವರು ಗಲಗಲಿ. ಪರಿಷತ್ತು ಮೂವತ್ತೊಂದು ಕೊಟ್ಟಿತು. ಎಲ್ಲರ ಕಾಯುವಿಕೆಯೂ ಒಂದೇ ತೂಕದ್ದಲ್ಲ, ತಾಳ್ಮೆ ಇದ್ದವನಿಗೆ ನಷ್ಟ ಕಡಿಮೆ ಎಂಬ ಒಂದು ಸಮೀಕರಣ ಸೇರಿತು. ಅಂಕೆ ಐವತ್ತರ ಹತ್ತಿರ ಬಂತು. ಉಳಿದದ್ದು ಕಾಯಿಸುವವರ ಅಧ್ಯಾಯ. ಪ್ರತಿಸಲವೂ ನೆರಳುಗಳು ಅಲ್ಲೇ ಮುಗ್ಗರಿಸುತ್ತಿದ್ದವು.

"ತೆಗಿಯೋದು ಬ್ಯಾಡ" ಎಂದರು ಗಲಗಲಿ. "ಅನುಬಂಧಕ್ಕ ಹಾಕೋಣ. ಇಡೀ ಅಧ್ಯಾಯ ಇದ್ದಂಗs ಇರ್ತದ. ಬೇಕಾದವರು ಓದ್ಕೋತಾರ."

ವಿದ್ವಾಂಸರಲ್ಲಿ ಯಾರೂ ಯಾವ ಮಾತನ್ನೂ ಕಿತ್ತು ಹಾಕುವುದಿಲ್ಲ. ಅನುಬಂಧಕ್ಕೆ ಸಾಗಿಸುತ್ತಾರೆ. ಕೊಂದ ಪಾಪ ತಟ್ಟುವುದಿಲ್ಲ.

ಸುವಾರ್ತಾ ಒಂದು ವಾರ ಯೋಚಿಸಿದಳು. ಫೆಲೋಶಿಪ್ಪಿನ ಅವಧಿ ಮುಗಿಯುತ್ತಿತ್ತು. ನೆರಳುಗಳು ಓದದಿದ್ದರೇನು, ಹೊರಗಿನ ಜೀವಂತ ಮನುಷ್ಯರಲ್ಲಿ ನೂರಕ್ಕೆ ಒಬ್ಬನಾದರೂ ಕೊನೆಯ ಪುಟದ ತನಕ ಹೋಗುತ್ತಾನೆ ಎಂದು ನಂಬಿದಳು. ಓದಿ ಬೆಳೆದವರು ಮಾತ್ರ ನಂಬುವಂಥ ಮಾತು ಅದು. ಕಾಯಿಸುವವರ ಅಧ್ಯಾಯ ಅನುಬಂಧ ಮೂರಾಯಿತು. ಪರಿಷತ್ತು ಎಂಬತ್ತೆಂಟು ಕೊಟ್ಟಿತು. ಮೆಹಬೂಬ್ ಪೇಡೆ ತಂದ.

ಅವತ್ತು ಅಪ್ಪನಿಗೂ ಒಂದು ಪೇಡೆ ಒಯ್ದಳು. ನಿವೃತ್ತನಾದ ಮೇಲೆ ಯಾಕೋಬಪ್ಪ ಅವಳ ಜೊತೆಗೇ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದ. ಕುಕ್ಕರ್ ಸೀಟಿ ಹೊಡೆದರೆ ಒಳಗಿನಿಂದ "ಲೈನ್ ಕ್ಲಿಯರ್" ಎಂದು ಕೂಗುತ್ತಿದ್ದ. ಎರಡೂ ಕಿಡ್ನಿ ಸೋತಿದ್ದವು. ದಿನ ಬಿಟ್ಟು ದಿನ ಬೈಪಾಸ್ ಪಕ್ಕದ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕಿತ್ತು. ಅಲ್ಲಿ ಹಾಸಿಗೆ ಕಡಿಮೆ, ಜನ ಹೆಚ್ಚು. ಅಪ್ಪ ಬೆಂಚಿನ ತುದಿಯಲ್ಲಿ ಕೂತು, ಬಂದವರಿಗೆಲ್ಲ ಜಾಗ ಮಾಡಿಕೊಟ್ಟು, ರೈಲಿನ ಕಥೆ ಹೇಳುತ್ತಿದ್ದ.

"ನಿನ್ನ ಪ್ರಬಂಧದಾಗ ನಂದೇನರ ಬರದೀಯೇನ ಯವ್ವಾ?" ಎಂದು ಪೇಡೆ ಮುರಿಯುತ್ತ ಕೇಳಿದ.

"ಗೇಟಿನ ಕಥಿ ಐತಪಾ."

"ಮಂತ್ರೀದು?"

"ಅದೂ ಐತಿ. ಹಿಂದಿನ ಪುಟದಾಗ."

"ಹಿಂದs ಇರ್ಲಿ ಬಿಡು" ಎಂದ ಅಪ್ಪ. "ಗಾರ್ಡಿನ ಡಬ್ಬೀನೂ ಹಿಂದs ಇರ್ತೈತಿ."

ಗಲಗಲಿ ಮತ್ತು ಕರ್ಜಗಿ ಎಂಬ ಹೆಸರಿನಲ್ಲಿ 'ತಾಳ್ಮೆಯ ಅರ್ಥಶಾಸ್ತ್ರ' ಅಚ್ಚಾಯಿತು. ಮುಂದಿನ ನಾಲ್ಕು ವರ್ಷ ಪರಿಷತ್ತು ಹೇಳಿದಂತೆಯೇ ನಡೆಯಿತು. ದಿಲ್ಲಿಯ ಒಬ್ಬ ದೊಡ್ಡವರು ಅದನ್ನು ಬೈದು ಬರೆದರು. ಅದರಿಂದ ಎಲ್ಲರೂ ಓದಿದರು. ಕೆಲಸ ಹುಡುಕುತ್ತಿದ್ದ ಹುಡುಗರು ಬಸ್ ನಿಲ್ದಾಣ, ಬ್ಯಾಂಕು, ದೇವಸ್ಥಾನ ಎಂದು ಒಂದೊಂದು ಸಾಲನ್ನು ಹಿಡಿದು ಒಂದೊಂದು ಪ್ರಬಂಧ ಬರೆದರು. ಪಠ್ಯಪುಸ್ತಕದಲ್ಲಿ ಮೊದಲು ಅಡಿಟಿಪ್ಪಣಿ ಬಂತು, ಆಮೇಲೆ ಚೌಕಟ್ಟಿನೊಳಗಿನ ಟಿಪ್ಪಣಿ, ಆಮೇಲೆ ಅಧ್ಯಾಯ. ಹಳಬರು ಒಪ್ಪಲಿಲ್ಲ, ನಿವೃತ್ತರಾದರು. ಹೊಸಬರು ಒಪ್ಪಬೇಕಾಗಿಯೇ ಬರಲಿಲ್ಲ. ಅದನ್ನೇ ಓದಿ ಪಾಸಾಗಿದ್ದರು. ತಾಳ್ಮೆ ಪಂಥ ಎಂಬ ಹೆಸರು ನಿಂತಿತು. ಗಲಗಲಿ ಸರಕಾರದ ಸಲಹಾ ಸಮಿತಿ ಸೇರಿದರು. ಸುವಾರ್ತಾಗೆ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯ ಕೆಲಸ ಸಿಕ್ಕಿತು. ಅನುಬಂಧ ಮೂರರ ಬಗ್ಗೆ ಎಲ್ಲಿಂದಲೂ ಒಂದು ಪ್ರಶ್ನೆ ಬರಲಿಲ್ಲ.

ಐದನೆಯ ವರ್ಷ ಡಯಾಲಿಸಿಸ್ ಕೇಂದ್ರದ ಬಾಗಿಲಿಗೆ ಹೊಸ ಬೋರ್ಡು ಬಿತ್ತು. ಸಲಹಾ ಸಮಿತಿಯ ಶಿಫಾರಸಿನಂತೆ ಇನ್ನು ಮುಂದೆ ಸರದಿಯನ್ನು ಕೌಂಟರಿನ ಯಂತ್ರ ನಿರ್ಧರಿಸುತ್ತದೆ. ಜೀವಕ್ಕೆ ಸಂಚಕಾರ ಬಂದವರು ಮೊದಲು. ಉಳಿದವರು ಕಾಯುವಿಕೆಯಿಂದ ಆಗುವ ಒಟ್ಟು ನಷ್ಟ ಕಡಿಮೆಯಾಗುವ ರೀತಿಯಲ್ಲಿ.

ಆ ವಾರ ಅಪ್ಪ ಹೋದ ಹಾಗೆಯೇ ಮನೆಗೆ ಬಂದ. "ನಾಳಿ ಬಾ ಅಂದ್ಲವ್ವಾ ಸಿಸ್ಟರ್."

ಮುಂದಿನ ವಾರವೂ ಹಾಗೇ ಆಯಿತು. ದಿನ ಬಿಟ್ಟು ದಿನ ಇದ್ದದ್ದು ಮೂರು ದಿನಕ್ಕೊಮ್ಮೆ, ಆಮೇಲೆ ನಾಲ್ಕು ದಿನಕ್ಕೊಮ್ಮೆ ಆಯಿತು. ಅಪ್ಪನ ಕಾಲು ಊದಿ ಚಪ್ಪಲಿ ಹಿಡಿಯದಾಯಿತು. ಸುವಾರ್ತಾ ರಜೆ ಹಾಕಿ ಜೊತೆಗೆ ಹೋದಳು.

"ನಮ್ಮಪ್ಪಗ ಯಾಕ್ರೀ ಹಿಂದಕ್ಕ ಹಾಕ್ತೀರಿ? ಇವರು ಬಂದಮ್ಯಾಲೆ ಬಂದವರೆಲ್ಲಾ ಒಳಗ ಹೋದರು."

ಕೌಂಟರಿನ ಸಿಸ್ಟರ್ ಪರದೆ ತಿರುಗಿಸಿ ತೋರಿಸಿದಳು. "ನಾ ಹಾಕೂದಿಲ್ರೀ ಮೇಡಂ. ಅಜ್ಜಾರಿಗೆ ತಾಳ್ಮಿ ಅಂಕ ತೊಂಬತ್ತಾರು ಐತಿ. ಕಾದರೂ ಅವರಿಗೆ ತ್ರಾಸ ಇಲ್ಲ ಅಂತ ಯಂತ್ರ ತಿಳ್ಕೋತೈತಿ. ಯಾರೋ ಗಲಗಲಿ ಅಂತ ದೊಡ್ಡ ಪ್ರೊಫೆಸರ್ ಕಂಡುಹಿಡಿದಾರಂತ."

ಮೇಲೆ ಮೂಲೆಯಲ್ಲಿ ಕ್ಯಾಮೆರಾ ಇತ್ತು. ಕಾಲು ಬದಲಿಸುವುದು, ಗಡಿಯಾರ ನೋಡುವುದು, ದನಿ ಎತ್ತುವುದು. ಅಳತೆ ಅವಳದೇ.

ಬುದ್ಧಿವಂತರು ಆಗಲೇ ಕಲಿತಿದ್ದರು. ಪೇಟೆಯ ಒಬ್ಬ ವಕೀಲರು ಬಂದ ತಕ್ಷಣ ಟೇಬಲ್ ಗುದ್ದಿ, ಎಲ್ಲರನ್ನೂ ಕೋರ್ಟಿಗೆ ಎಳೆಯುತ್ತೇನೆಂದು ಕೂಗಿ, ಆಮೇಲೆ ಆರಾಮಾಗಿ ಪೇಪರ್ ಓದುತ್ತ ಕೂಡುತ್ತಿದ್ದರು. ಹತ್ತು ನಿಮಿಷದಲ್ಲಿ ಅವರ ಹೆಸರು ಬರುತ್ತಿತ್ತು. ಹಳ್ಳಿಯಿಂದ ಬಂದವರು, ಕೈಕಟ್ಟಿ ಕೂತು ರೂಢಿಯಾದವರು ಬೆಂಚಿನ ಮೇಲೆಯೇ ಉಳಿದರು.

"ಅಪ್ಪಾ, ಸ್ವಲ್ಪ ಚಡಪಡಿಸು" ಎಂದು ಸುವಾರ್ತಾ ಅವನ ಕಿವಿಯಲ್ಲಿ ಹೇಳಿದಳು.

"ಅಂದ್ರ?"

"ಎದ್ದು ಅಡ್ಡಾಡು. ಕೌಂಟರಿಗೆ ಹೋಗಿ ಜಗಳಾ ಮಾಡು."

"ಆ ಹುಡುಗಿ ಏನ್ ಮಾಡ್ಯಾಳವ್ವಾ ಪಾಪ? ಹಾಸಿಗಿ ಇಲ್ಲಂದ್ರ ಎಲ್ಲಿಂದ ತರ್ತಾಳ?"

"ಸುಮ್ನ ನಾಟಕ ಅಪ್ಪಾ. ಮಾಡು."

"ಇದ್ದ ಸರ್ವಿಸೆಲ್ಲಾ ಮಂದಿ ನನಗ ಬೈದ್ರು. ಗಾಡಿ ನನ್ನ ಕೈಯಾಗಿಲ್ರೋ ಅಂದ್ರೂ ಬೈದ್ರು. ಅದs ಬೈಗಳಾ ಈಗ ನಾ ಇಕಿಗೆ ಬೈಲೇನು?"

ಆದರೂ ಮಗಳ ಮುಖ ನೋಡಿ ಎದ್ದ. ಊದಿದ ಕಾಲೆಳೆದುಕೊಂಡು ಕೌಂಟರಿಗೆ ಹೋಗಿ "ಏ, ಎಷ್ಟೊತ್ತು ಕಾಯಿಸ್ತೀರಿ?" ಎಂದು ಗದರಿದ. ಸಿಸ್ಟರ್ ಬೆಚ್ಚಿದಳು. ಅಪ್ಪನಿಗೆ ತಡೆಯಲಾಗಲಿಲ್ಲ. "ತಪ್ಪ ತಿಳೀಬ್ಯಾಡ ಮಗಳ, ಇಕಿ ಅನ್ನು ಅಂದ್ಲು ಅದಕ್ಕಂದೆ" ಎಂದು ಕೈ ಮುಗಿದ. ಬೆಂಚಿನ ತುಂಬ ನಗು. ಅಪ್ಪನೂ ನಕ್ಕ. ನಕ್ಕದ್ದನ್ನು ಕ್ಯಾಮೆರಾ ಹಿಡಿಯಿತು. ಅವನ ಅಂಕ ತೊಂಬತ್ತೆಂಟಾಯಿತು.

ಸುವಾರ್ತಾ ಅಲ್ಲಿಂದ ನೇರ ನೆಲಮಾಳಿಗೆಗೆ ಹೋದಳು. ಅನುಬಂಧ ಮೂರನ್ನೇ ಬೇರೆ ಪ್ರಬಂಧ ಮಾಡಿ ಪರಿಷತ್ತಿಗೆ ಹಾಕಬೇಕೆಂದು ಮೆಹಬೂಬನಿಗೆ ಹೇಳಿದಳು. ಅವನು ಕುರ್ಚಿ ತಿರುಗಿಸಿದ.

"ಮತ್ತ್ಯಾಕ ಓಡ್ಸೋದು ಅಕ್ಕಾ? ಅದನ್ನ ಆವಾಗs ಓಡ್ಸೇವಲ್ಲ."

"ಆರು ಬಂದಿತ್ತು. ಗೊತ್ತೈತಿ."

"ಆರು ನಿಮ್ಮ ಹೆಸರಿಗೆ ಬಂದಿದ್ದು. ಸರ್ ಹೆಸರಿಗೆ ಅರವತ್ಮೂರು ಬಂತಲ್ಲ."

ಅವಳು ನಿಂತೇ ಇದ್ದಳು. ಮೆಹಬೂಬನ ಮುಖದ ಮೇಲಿನ ನಗು ನಿಧಾನವಾಗಿ ಹೋಯಿತು.

"ನಿಮಗ ಹೇಳಿಲ್ಲೇನು ಅವ್ರು? ಆರು ಬಂದ ಮರುದಿನ ಸರ್ ಒಬ್ರ ಬಂದಿದ್ರು. ನಿಮ್ಮ ಪ್ರಬಂಧನ. ಒಂದಕ್ಷರ ಬದಲಿಲ್ಲ. ಹೆಸರೊಂದು ನಂದು ಹಾಕಿ ನೋಡು ಅಂದ್ರು. ಅರವತ್ಮೂರು ಬಂತು. ಅವರ ಶಿಷ್ಯರು, ಅವರ ಗುರುಗಳ ಬಳಗ, ಎಲ್ಲಾ ಓದಿ ಜಗಳಾಡಿದ್ರಲ್ಲ ಒಳಗ. ನಾ ನಿಮಗ ಗೊತ್ತೈತಿ ಅಂತ ತಿಳದಿದ್ದೆ ಅಕ್ಕಾ."

ಗಲಗಲಿಯವರ ಕೋಣೆಯ ಹೊರಗೆ ಅವಳು ಒಂದು ತಾಸು ಕೂತಳು. ಒಳಗೆ ಸಮಿತಿಯವರಿದ್ದರು. ಅವರು ಹೋದ ಮೇಲೆ ಗಲಗಲಿ ತಾವೇ ಎದ್ದು ಬಂದು ಬಾಗಿಲು ತೆರೆದರು, ಚಹಾ ತರಿಸಿದರು, ಅಪ್ಪನನ್ನು ವಿಚಾರಿಸಿದರು.

"ಅರವತ್ಮೂರು ಬಂದಿತ್ತಂತಲ್ರೀ ಸರ್."

ಅವರು ಕೇಳದವರಂತೆ ನಟಿಸಲಿಲ್ಲ. "ಬಂದಿತ್ತು."

"ನನಗ ಹೇಳಿದ್ರ ನಿಮ್ಮ ಹೆಸರ ಹಾಕ್ಕೋರಿ ಅಂತ ನಾನ ಅಂತಿದ್ದೆ. ನನ್ನ ಹೆಸರು ಬ್ಯಾಡ, ಆ ಅಧ್ಯಾಯ ಇದ್ರ ಸಾಕು ಅಂತಿದ್ದೆ."

"ಗೊತ್ತದ. ಅದಕ್ಕs ಹೇಳಲಿಲ್ಲ." ಕಪ್ಪನ್ನು ಕೆಳಗಿಟ್ಟರು. "ಅರವತ್ಮೂರಂದ್ರ ನೂರಕ್ಕ ಉಳಿದ ಮೂವತ್ತೇಳು ಮಂದಿ ಬರೇ ಒಪ್ಪದವರಲ್ಲ, ವೈರಿಗಳು. ಅದರಾಗ ಕುಲಪತಿಗಳಿದ್ರು, ಅನುದಾನ ಕೊಡೋರಿದ್ರು, ನನ್ನ ಕೂಡ ಓದಿದವರಿದ್ರು. ಎಲ್ಲಾರೂ ಕಾಯಿಸೋ ಜಾಗಾದಾಗ ಕೂತವರು. ನಿನ್ನ ಅಧ್ಯಾಯ ಅವರ ಹೆಸರು ಹಿಡದು ಕೇಳ್ತಿತ್ತು. ನನಗ ಆಗ ಐವತ್ತೆಂಟು, ಸುವಾರ್ತಾ. ನಿವೃತ್ತಿ ಆಗೋ ತನಕಾ ಬೈಸ್ಕೋತ ಕೂಡೋ ಆಸಿ ನನಗಿರಲಿಲ್ಲ. ಎಂಬತ್ತೆಂಟಕ್ಕ ಎಲ್ಲಾರೂ ಕೈ ಕುಲುಕ್ತಾರ."

"ನಮ್ಮಪ್ಪ ಸಾಯಾಕತ್ಯಾನ ಸರ್."

ಅವರ ಮುಖ ನಿಜವಾಗಿಯೂ ಬಿದ್ದುಹೋಯಿತು. ಮೊಬೈಲು ಕೈಗೆತ್ತಿಕೊಂಡರು. "ಕೇಂದ್ರದವರಿಗೆ ಒಂದು ಮಾತು ಹೇಳ್ಲೇನು?"

ಅವಳ ಕಣ್ಣ ಮುಂದೆ ಹೊರ ಸಿಗ್ನಲಿನಲ್ಲಿ ನಿಂತ ಪ್ಯಾಸೆಂಜರ್ ಗಾಡಿ ಬಂತು. "ಹೇಳ್ರಿ" ಎಂದಳು.

ಮರುದಿನ ಬಾಗಿಲಲ್ಲೇ ಅಪ್ಪನ ಹೆಸರು ಕೂಗಿದರು. ಅವನು ಹಾಸಿಗೆಯ ಮೇಲೆ ಮಲಗಿ, ಸೂಜಿ ಚುಚ್ಚಿಸಿಕೊಳ್ಳುವ ಮೊದಲು ಸುತ್ತ ನೋಡಿದ. "ಇದು ಯಾರ ಪಾಳಿ ಯವ್ವಾ?" ಅವಳು ಬಾಗಿಲ ಕಡೆ ತಿರುಗಿದಳು. ಹೊರಗೆ ಕುಂದಗೋಳದ ಒಬ್ಬ ಹೆಂಗಸು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಿದ್ದಳು. ಗೊಣಗಲೂ ಇಲ್ಲ.

ಇನ್ನೊಂದು ಸಲವೂ ಫೋನು ಕೆಲಸ ಮಾಡಿತು. ಮೂರನೆಯ ಸಲ ಗಲಗಲಿ ದಿಲ್ಲಿಯಲ್ಲಿ ಸಭೆಯಲ್ಲಿದ್ದರು. ಅವರ ಸಹಾಯಕ "ಸ್ವಲ್ಪ ಕಾಯಬೇಕಾಗ್ತದ ಮೇಡಂ" ಎಂದ. ಭಾನುವಾರ ಅವಳು ಚರ್ಚಿನಿಂದ ಬರುವ ಹೊತ್ತಿಗೆ ಅಪ್ಪ ಕುರ್ಚಿಯಲ್ಲಿ ಕೂತೇ ಏದುಸಿರು ಬಿಡುತ್ತಿದ್ದ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಈಗ ಅವನು ಮೊದಲ ಸರದಿಯವನಾದ. ಕೇಂದ್ರ ಮುಟ್ಟುವ ಮೊದಲೇ ಆಟೋದಲ್ಲಿ ಹೋದ. ದಾರಿಯಲ್ಲಿ ಯಾವ ಗೇಟೂ ಇರಲಿಲ್ಲ.

ಮಣ್ಣಿಗೆ ಗಲಗಲಿ ಬಂದರು. ಅವಳು ಅವರ ಕಡೆ ನೋಡಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು, ಆ ಕೇಂದ್ರದ ಬೆಂಚಿನ ಮೇಲೆ ಕೂತಿದ್ದವರ ಊರುಗಳಿಗೆ ಬಸ್ಸು ಹತ್ತಿದಳು. ನವಲಗುಂದ, ಕಲಘಟಗಿ, ಕುಂದಗೋಳ. ಹೆಚ್ಚಿನ ಕಡೆ ಮನೆಯವರು "ಆವ ಯಾರಿಗೂ ಒಂದು ಮಾತ ಅಂದಾವಲ್ರೀ" ಎಂದೇ ಶುರು ಮಾಡುತ್ತಿದ್ದರು. ಅದನ್ನೆಲ್ಲ ಪ್ರಬಂಧ ಮಾಡಿದಳು. ಈ ಸಲ ಕಾಯಿಸಿದವರ ಹೆಸರುಗಳು ಮೊದಲ ಪುಟದಲ್ಲಿದ್ದವು: ಅಳತೆ ಕಟ್ಟಿದವಳು ಸುವಾರ್ತಾ ಕರ್ಜಗಿ, ಹೆಸರಿಟ್ಟವರು ಅಚ್ಯುತ ಗಲಗಲಿ, ಆಮೇಲೆ ಸಮಿತಿಯವರು.

ಮೆಹಬೂಬ್ ಯಾರಿಗೂ ಹೇಳದೆ ಅದನ್ನು ಪರಿಷತ್ತಿಗೆ ಹಾಕಿದ. ನೂರಕ್ಕೆ ಎರಡು ಬಂತು. ಹೆಚ್ಚಿನ ನೆರಳುಗಳ ತೀರ್ಪು ಒಂದೇ ಆಗಿತ್ತು: ವಿಷಯ ಚೆನ್ನಾಗಿದೆ, ಸತ್ತವರ ಸಂಖ್ಯೆ ತೀರ ಸಣ್ಣದು, ಅನುಬಂಧಕ್ಕೆ ಹಾಕಬಹುದು.

ಸಂಖ್ಯೆ ಇದು. ಆ ಒಂದು ಕೇಂದ್ರದಲ್ಲಿ, ಆ ಒಂದು ವರ್ಷ, ಸರದಿ ಹಿಂದೆ ಬಿದ್ದು ಸತ್ತವರು ಹದಿನಾಲ್ಕು ಜನ. ಏಳನೆಯವಳು ಕುಂದಗೋಳದ ಆ ಹೆಂಗಸು. ಒಂಬತ್ತನೆಯವನು ಯಾಕೋಬಪ್ಪ.